ಅಡ್ಡಿಲ್ಲ ಎನ್ನದ ಹೆಡ್‌ಮೇಷ್ಟ್ರು

ನಮ್ಮ ಹೆಡ್‌ಮೇಷ್ಟ್ರು ಮುಕುಂದಯ್ಯನವರು ಸಾಗರದಲ್ಲಿ ತರಬೇತಿ ಮುಗಿಸಿಕೊಂಡು ಬಂದ ಮೇಲೆ ಶಾಲೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲದಂತಾಯಿತು. ಹೋಗುವಾಗ ನೆಟ್ಟಗೇ ಇದ್ದರು. ಬರುವಾಗ ತೀರ್ಪು ಕೊಡುವುದನ್ನು ಬಿಟ್ಟು ಬಂದಿದ್ದರು. ಜನ ಬೀಡಿ ಬಿಡುತ್ತಾರೆ, ಎಲೆಅಡಿಕೆ ಬಿಡುತ್ತಾರೆ, ಕಾಶಿಗೆ ಹೋದವರು ಯಾವುದಾದರೊಂದು ತರಕಾರಿ ಬಿಟ್ಟು ಬರುತ್ತಾರೆ. ತೀರ್ಪು ಬಿಟ್ಟವರನ್ನು ನಾನು ಕಂಡದ್ದು ಅದೇ ಮೊದಲು.

ನಮ್ಮದು ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿರುವ ಅನುದಾನಿತ ಪ್ರೌಢಶಾಲೆ. ಅನುದಾನಿತ ಅಂದರೆ ಸಂಬಳ ಸರ್ಕಾರದ್ದು, ದರ್ಬಾರು ಆಡಳಿತ ಮಂಡಳಿಯದ್ದು. ನಾನು ಸರೋಜ, ಕನ್ನಡದ ಟೀಚರು. ತೀರ್ಥಹಳ್ಳಿಯಿಂದ ಮದುವೆಯಾಗಿ ಈ ಕಡೆ ಬಂದವಳು. ಮುಕುಂದಯ್ಯನವರೂ ತೀರ್ಥಹಳ್ಳಿ ಕಡೆಯವರೇ. ಹಾಗಾಗಿ ಅವರನ್ನು ಆಡಿಕೊಳ್ಳುವ ಹಕ್ಕು ನನಗೆ ತವರಿನ ಬಾಬ್ತಿನಲ್ಲಿ ಬಂದಿದೆ.

ಮೊದಲು ಅವರು ಪಾಠ ನೋಡುತ್ತಿದ್ದ ರೀತಿಯೇ ಬೇರೆ. ಬಾಗಿಲಲ್ಲಿ ನಿಂತು ಒಳಗೆ ಇಣುಕುವುದು, "ಅಡ್ಡಿಲ್ಲ" ಅನ್ನುವುದು, ಹೋಗುವುದು. ನಮ್ಮ ಸೀಮೆಯಲ್ಲಿ ಈ ಒಂದು ಮಾತಿನ ಮೇಲೆ ಸಂಸಾರಗಳು ನಡೆದಿವೆ. ಹೆಣ್ಣು ನೋಡಿ ಬಂದವರು ಅಡ್ಡಿಲ್ಲ ಅಂದರೆ ಮದುವೆ. ಊಟ ಮಾಡಿದವರು ಅಡ್ಡಿಲ್ಲ ಅಂದರೆ ಅಡುಗೆಯವನಿಗೆ ಇನ್ನೊಂದು ಮನೆಯ ಕರೆ. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮವರಿಗೆ ಗೊತ್ತಿಲ್ಲ, ಗೊತ್ತಿದ್ದವರು ಬಾಯಿ ಬಿಡುವುದಿಲ್ಲ. ಮುಕುಂದಯ್ಯನವರು ಎಳೆದು "ಅಡ್ಡಿಲ್ಲಾ" ಅಂದರೆ ಪಾಠ ಚೆನ್ನಾಗಿತ್ತು. ಚುಟುಕಾಗಿ ಅಂದರೆ ಹೇಗೋ ನಡೆಯುತ್ತದೆ. "ಅಡ್ಡಿಲ್ಲ ಬಿಡಿ" ಅಂದರೆ ಸಂಜೆ ಅವರ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಲ್ಲಬೇಕು. ಇಷ್ಟು ಗೊತ್ತಿದ್ದರೆ ನಮ್ಮ ಶಾಲೆಯಲ್ಲಿ ನಿವೃತ್ತಿಯವರೆಗೂ ಬದುಕಬಹುದಿತ್ತು.

ಸಾಗರದಲ್ಲಿ ಇವರಿಗೆ ಪಾಠ ಹೇಳಿದವನು ಬೆಂಗಳೂರಿನ ಯಾವುದೋ ಸಂಸ್ಥೆಯ ಸಚಿನ್ ಎಂಬ ತರಬೇತುದಾರ. ಅವನು ಹೆಡ್‌ಮೇಷ್ಟ್ರುಗಳನ್ನೆಲ್ಲ ಸಾಲಾಗಿ ಕೂರಿಸಿ, ಇನ್ನು ಮೇಲೆ ನೀವು ಹೆಡ್‌ಮೇಷ್ಟ್ರಲ್ಲ, ಶಾಲಾ ನಾಯಕರು ಅಂದನಂತೆ. ಮುಕುಂದಯ್ಯನವರು ಮರುದಿನ ಪ್ರಾರ್ಥನೆಯಲ್ಲಿ "ನಾನು ಈ ಶಾಲೆಯ ನಾಯಕ" ಎಂದು ಘೋಷಿಸಿದಾಗ ಹತ್ತನೇ ಕ್ಲಾಸಿನ ತೀರ್ಥೇಶ ಗಾಬರಿಯಾದ. ಜೂನ್ ತಿಂಗಳಲ್ಲಿ ಚೀಟಿ ಹಾಕಿಸಿ ಮಕ್ಕಳು ಆರಿಸಿದ್ದ ಶಾಲಾ ನಾಯಕ ಅವನು. ಪಾಪ, ತನ್ನನ್ನು ತೆಗೆದುಹಾಕಿದ್ದಾರೆ ಎಂದುಕೊಂಡು ಎರಡು ದಿನ ಗಂಟೆ ಹೊಡೆಯಲಿಲ್ಲ.

ಸಚಿನ್ ಹೇಳಿದ ಪ್ರಕಾರ, ನಾಯಕನಾದವನು ಪಾಠ ನೋಡಲು ಕೊನೆಯ ಬೆಂಚಿನಲ್ಲಿ ಪೂರ್ತಿ ಪೀರಿಯಡ್ ಕೂರಬೇಕು. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಮಾತ್ರ ಹೇಳಬೇಕು. ಒಳ್ಳೆಯದು, ಕೆಟ್ಟದ್ದು, ಸರಿ, ತಪ್ಪು, ಇವು ಯಾವುವೂ ಬಾಯಲ್ಲಿ ಬರಕೂಡದು. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಉಳಿದದ್ದನ್ನು ಟೀಚರ ಚಿಂತನೆಗೆ ಬಿಡಬೇಕು. ಮುಕುಂದಯ್ಯನವರು ಕೈ ಎತ್ತಿ, "ಅಡ್ಡಿಲ್ಲ ಅನ್ಬಹುದಾ?" ಎಂದು ಕೇಳಿದರಂತೆ. ಹಾಗಂದರೆ ಏನು ಸರ್ ಅಂದನಂತೆ ಸಚಿನ್. ಮೂರು ತಾಲ್ಲೂಕಿನ ಹೆಡ್‌ಮೇಷ್ಟ್ರುಗಳು ಸೇರಿ ಅರ್ಥ ಬಿಡಿಸಲು ಹೆಣಗಿದರಂತೆ. ಕೊನೆಗೆ ಅವನೇ ಬೇಸತ್ತು, "ಅದೂ ತೀರ್ಪೇ ಬಿಡಿ ಸರ್" ಅಂದನಂತೆ. ಅಲ್ಲಿಗೆ ನಮ್ಮ ಸೀಮೆಯ ನಾಲಿಗೆ ಕತ್ತರಿಸಿದ ಹಾಗಾಯಿತು.

ಮೊದಲು ಸಿಕ್ಕಿಬಿದ್ದವರು ಸಮಾಜ ವಿಜ್ಞಾನದ ರವೀಶ್. ಹೆಡ್‌ಮೇಷ್ಟ್ರು ಬಂದು ಕೂರುತ್ತಾರೆಂದು ತಿಳಿದು ಹಿಂದಿನ ದಿನವೇ ಅದೇ ಪಾಠವನ್ನು ಅದೇ ಮಕ್ಕಳಿಗೆ ಒಪ್ಪಿಸಿ ಅಭ್ಯಾಸ ಮಾಡಿಸಿದ್ದರು. ಮಕ್ಕಳು ಉತ್ಸಾಹ ತಡೆಯಲಾರದೆ ಎಡವಟ್ಟು ಮಾಡಿದರು. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಮುಕುಂದಯ್ಯನವರು ಶಾಂತವಾಗಿ, "ರವೀಶ್, ನೀವು ಪ್ರಶ್ನೆ ಕೇಳೋ ಮೊದ್ಲೇ ಮಕ್ಕಳು ಉತ್ತರ ಹೇಳಿದ್ದನ್ನ ನಾನು ಗಮನಿಸಿದೆ" ಅಂದರು.

"ಅಂದ್ರೆ ಸರ್?"

"ಅಂದ್ರೆ ಏನೂ ಇಲ್ಲ. ಗಮನಿಸಿದೆ, ಅಷ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂತಲೂ ಅನ್ನದೆ, ಬರೀ ಕುಂಬಳಕಾಯಿ ಅಂದಿದ್ದಕ್ಕೇ ರವೀಶ್ ಹೊಟ್ಟೆನೋವೆಂದು ರಜೆ ಹಾಕಿದರು. ನನ್ನ ಸರದಿಯೂ ಬಂತು. ಸಂಧಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು ಮಲಗಿದ್ದನ್ನು ಗಮನಿಸಿದರಂತೆ. "ನಾನೂ ಗಮನಿಸಿದ್ದೆ ಸರ್, ಎಬ್ಬಿಸಿದ್ರೆ ಮುಂದಿನ ಬೆಂಚಿನೋರಿಗೂ ಎಚ್ಚರ ಆಗತ್ತೆ ಅಂತ ಸುಮ್ನಿದ್ದೆ" ಅಂದೆ. ನನಗೆ ಕೆಲಸ ಕಾಯಂ ಆಗಿದೆ, ನಾನು ಹಾಗೆಲ್ಲ ಮಾತಾಡಬಹುದು. ಮುಕುಂದಯ್ಯನವರ ಹೆಂಡತಿಗೆ ಆ ಸೌಕರ್ಯವೂ ಇರಲಿಲ್ಲ. ರಿಪ್ಪನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಸಾರಿಗೆ ಉಪ್ಪು ಬಿದ್ದಿರೂದನ್ನ ಗಮನಿಸಿದೆ ಅಂತಾರೆ ಸರೋಜ. ಜಾಸ್ತಿ ಆಯ್ತಾ, ಕಡಿಮೆ ಆಯ್ತಾ, ಅದನ್ನ ಮಾತ್ರ ಬಾಯಿ ಬಿಡೂದಿಲ್ಲ" ಎಂದು ಅತ್ತುಕೊಂಡರು.

ಇಷ್ಟೇ ಆಗಿದ್ದರೆ ನಗುತ್ತಾ ವರ್ಷ ಕಳೆಯಬಹುದಿತ್ತು. ಮಧ್ಯದಲ್ಲಿ ದೀಪಶ್ರೀ ಸಿಕ್ಕಿಕೊಂಡಳು.

ದೀಪಶ್ರೀ ಗಣಿತದ ಹಂಗಾಮಿ ಟೀಚರು. ತಾಳಗುಪ್ಪದ ಹತ್ತಿರದವಳು, ರಿಪ್ಪನ್‌ಪೇಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಹಳೆಯ ಗಣಿತ ಮೇಷ್ಟ್ರು ನಿವೃತ್ತರಾದ ಮೇಲೆ ಸರ್ಕಾರ ಆ ಜಾಗವನ್ನು ಮರೆತಿದೆ. ಹಾಗಾಗಿ ಆಡಳಿತ ಮಂಡಳಿಯೇ ಯಾರನ್ನಾದರೂ ತಂದು ಕೂರಿಸುತ್ತದೆ, ಬೇಡವಾದರೆ ದಸರಾ ರಜೆಯ ನಂತರದ ಮೀಟಿಂಗಿನಲ್ಲಿ ಏಳಿಸುತ್ತದೆ. ಅಧ್ಯಕ್ಷರಾದ ಅಡಿಕೆ ವ್ಯಾಪಾರಿ ಮಂಜುನಾಥಪ್ಪನವರು ಆಗಲೇ ಎರಡು ಸಲ, "ಈ ಹುಡ್ಗಿ ಲೆಕ್ಕ ನಿಧಾನ ಅಂತ ದೂರು ಬಂದೈತೆ. ಬಿ.ಎಡ್. ಮಾಡ್ಕಂಡೋರು ಮನೆಗೊಬ್ರು ಕೂತಿದಾರೆ" ಎಂದು ಹೇಳಿ ಹೋಗಿದ್ದರು. ಅಕ್ಟೋಬರಿನಲ್ಲಿ ಕೆಲಸ ಹೋದರೆ ವರ್ಷದ ಮಧ್ಯದಲ್ಲಿ ಇನ್ನೊಂದು ಶಾಲೆ ಸಿಗುವುದಿಲ್ಲ. ಮಧ್ಯದಲ್ಲಿ ಬಿಡಿಸಿದ ಟೀಚರು ಎಂಬ ಹೆಸರು ಬೇರೆ. ದೀಪಶ್ರೀಗೆ ಇದೆಲ್ಲ ಗೊತ್ತಿತ್ತು.

ನಿಧಾನ ಎಂಬ ದೂರು ಸುಳ್ಳಲ್ಲ. ನಾನು ಪಾಠ ಮಾಡುವ ಒಂಬತ್ತನೇ ಕ್ಲಾಸಿಗೂ ಅವಳ ಎಂಟನೇ ಕ್ಲಾಸಿಗೂ ನಡುವೆ ಇರುವುದು ಗೋಡೆಯಲ್ಲ, ಮಾಡಿಗೆ ತಾಗದ ಹಲಗೆಯ ಅಡ್ಡ. ಅತ್ತ ಸೀನಿದರೆ ಇತ್ತ ಕೇಳುತ್ತದೆ. ಈ ಹುಡುಗಿ ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತಿದ್ದಳು. ನಾವೆಲ್ಲ ಪ್ರಶ್ನೆ ಕೇಳಿದ ಉಸಿರಿನಲ್ಲೇ ಉತ್ತರ ಹೇಳಿ ಮುಂದೆ ಹೋಗುವ ಜನ. ಮೊದಲ ಸಲ ಆ ಮೌನ ಕೇಳಿದಾಗ ಹುಡುಗಿ ತಲೆ ಸುತ್ತಿ ಬಿದ್ದಳೇನೋ ಎಂದು ಹೋಗಿ ನೋಡಿದ್ದೆ. ಬಿದ್ದಿರಲಿಲ್ಲ. ಮೇಜಿಗೆ ಒರಗಿ ಮಕ್ಕಳ ಮುಖ ನೋಡುತ್ತಾ ಆರಾಮಾಗಿ ನಿಂತಿದ್ದಳು.

ಮುಕುಂದಯ್ಯನವರು ಅವಳ ಕ್ಲಾಸಿನಲ್ಲಿ ಕೂತ ದಿನ ತ್ರಿಭುಜದ ಪಾಠ. "ಒಂದು ತ್ರಿಭುಜದಲ್ಲಿ ಎರಡು ಲಂಬಕೋನ ಇರಬಹುದಾ? ಯಾಕೆ?" ಎಂದು ಕೇಳಿದಳು. ಆಮೇಲೆ ಸುಮ್ಮನಾದಳು. ಅತ್ತ ಸದ್ದಿಲ್ಲ. ಯಾರೋ ಇಲ್ಲ ಅಂದರು. ಯಾಕೆ ಅಂದಳು, ಮತ್ತೆ ಸುಮ್ಮನಾದಳು. ಹೆಡ್‌ಮೇಷ್ಟ್ರು ಹಿಂದೆ ಕೂತಿರುವಾಗ, ಮೀಟಿಂಗು ಕಣ್ಣೆದುರಿಗಿರುವಾಗ, ಹಾಗೆ ಸುಮ್ಮನೆ ನಿಲ್ಲಲು ಎಂಟೆದೆ ಬೇಕು. ಇತ್ತ ನಾನು ಪಾಠ ನಿಲ್ಲಿಸಿ ಕಿವಿ ಕೊಟ್ಟು ನಿಂತೆ. ನನ್ನ ಮಕ್ಕಳೂ ಕೊಟ್ಟರು.

ಕೊನೆಗೆ ಒಂದು ಸಣ್ಣ ದನಿ ಬಂತು. "ಅದು ಎರಡು ಕರೆಂಟ್ ಕಂಬ ನೆಟ್ಟಂಗೆ ಆಗತ್ತೆ ಮೇಡಂ. ಎರಡೂ ನೆಟ್ಟಗೆ ಮೇಲೆ ಹೋಗ್ತವೆ. ತುದಿ ಸೇರೂದೇ ಇಲ್ಲ."

ದನಿ ಯಾರದೆಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ವಿಚಾರಿಸಿದರೆ ಶ್ರಾವ್ಯಾ. ಹಾಜರಿ ಕರೆದರೂ ಕೈ ಎತ್ತುವುದನ್ನು ಬಿಟ್ಟು ಬಾಯಿ ತೆರೆಯದ ಹುಡುಗಿ. ಎಂಟನೆಯವರಿಗೆ ನಾನು ಮಾಡುವ ಕನ್ನಡದ ಪೀರಿಯಡ್ಡಿನಲ್ಲಿ ಜೂನ್‌ನಿಂದ ಅವಳ ದನಿ ಕೇಳಿರಲಿಲ್ಲ. ನಾನು ಯಾವತ್ತೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಿಲ್ಲ, ಅದು ಬೇರೆ ವಿಷಯ. ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪೀರಿಯಡ್ ಮುಗಿದು ಹೊರಗೆ ಬಂದರೆ ಜಗಲಿಯಲ್ಲಿ ಇಬ್ಬರೂ ನಿಂತಿದ್ದರು. ದೀಪಶ್ರೀಯ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಒಂದು ಅಡ್ಡಿಲ್ಲ, ಎಳೆಯದಿದ್ದರೂ ಸಾಕು, ಚುಟುಕಾದರೂ ಸರಿ.

"ದೀಪಶ್ರೀ," ಅಂದರು ಶಾಲಾ ನಾಯಕರು, "ನೀವು ಒಂದು ಪ್ರಶ್ನೆ ಕೇಳಿ ತುಂಬಾ ಹೊತ್ತು ಮಾತಾಡದೆ ನಿಂತಿದ್ದನ್ನ ನಾನು ಗಮನಿಸಿದೆ."

ಅವಳು ಕಾದಳು. ಅವರು ಮುಗುಳ್ನಕ್ಕರು. ತರಬೇತಿಯಲ್ಲಿ ಮುಗುಳ್ನಗೆಗೆ ಅಪ್ಪಣೆ ಇತ್ತೆಂದು ಕಾಣುತ್ತದೆ.

"ಮತ್ತೆ ಸರ್?"

"ಅಷ್ಟೆ."

ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆಯದೇ ಕೂತಿದ್ದವಳ ಹತ್ತಿರ ಹೋಗಿ, "ಅದು ಬೈಗುಳ ಅಲ್ಲ ಮಾರಾಯ್ತಿ. ಅವ್ರಿಗೆ ಈಗ ಹಾಗೆ ಮಾತಾಡೋ ಕಾಯಿಲೆ ಬಂದಿದೆ. ನಿನ್ನ ಪಾಠ ನಾನು ಕೇಳಿದೀನಿ, ಚೆನ್ನಾಗಿತ್ತು" ಅಂದೆ.

"ನೀವು ಒಳ್ಳೇವ್ರು ಮೇಡಂ, ಹಾಗಂತೀರಿ," ಅಂದಳು. ನನ್ನನ್ನು ಒಳ್ಳೆಯವಳು ಅಂದವರು ಅಪರೂಪ, ಆದರೆ ಖುಷಿಯಾಗಲಿಲ್ಲ. "ಮೀಟಿಂಗಲ್ಲಿ ಮಾತಾಡೋರು ಅವರು. ಅಷ್ಟೆಲ್ಲ ನಡೆದ ಕ್ಲಾಸಲ್ಲಿ ಅವರಿಗೆ ಕಂಡಿದ್ದು ನಾನು ಸುಮ್ನೆ ನಿಂತಿದ್ದು ಒಂದೇ. ಇನ್ನು ನಿಲ್ಲೂದಿಲ್ಲ ಬಿಡಿ."

ನಿಲ್ಲಲಿಲ್ಲ. ಮರುದಿನದಿಂದ ಹಲಗೆಯ ಆ ಕಡೆಯಿಂದ ಲಿಂಗನಮಕ್ಕಿ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಮಾತು ನುಗ್ಗತೊಡಗಿತು. "ಚತುರ್ಭುಜದ ಒಳಕೋನಗಳ ಮೊತ್ತ ಎಷ್ಟು, ಮುನ್ನೂರ ಅರವತ್ತು, ಯಾಕೆ, ಎರಡು ತ್ರಿಭುಜ ಆಗುತ್ತೆ, ಬರ್ಕೊಳ್ಳಿ, ಮುಂದಿನ ಪುಟ." ಪ್ರಶ್ನೆಯೂ ಅವಳದೇ, ಯಾಕೆಯೂ ಅವಳದೇ, ಉತ್ತರವೂ ಅವಳದೇ. ಥೇಟ್ ನಮ್ಮ ಹಾಗೆ. ಶ್ರಾವ್ಯಾಳ ದನಿ ಮತ್ತೆ ಕೇಳಿಸಲಿಲ್ಲ. ಅವಳಿಗೆ ಬರೆದು ಮುಗಿಸಲಿಕ್ಕೇ ಪುರಸೊತ್ತು ಇರಲಿಲ್ಲ.

ಸೀದಾ ಹೆಡ್‌ಮೇಷ್ಟ್ರ ಕೋಣೆಗೆ ಹೋದೆ. ಗೋಡೆಯ ಮೇಲೆ ಸಾಗರದ ತರಬೇತಿಯ ಗ್ರೂಪ್ ಫೋಟೋ ಬಂದಿತ್ತು.

"ಸರ್, ದೀಪಶ್ರೀಗೆ ಪಾಠ ಚೆನ್ನಾಗಿತ್ತು ಅಂತ ಒಂದು ಮಾತು ಹೇಳಿಬಿಡಿ."

"ಹೊಗಳಿಕೇನೂ ತೀರ್ಪೇ ಸರೋಜ ಮೇಡಂ," ಅಂದರು ಪ್ರಸನ್ನರಾಗಿ. "ನಾವು ಕನ್ನಡಿ ಹಿಡೀಬೇಕು ಅಷ್ಟೆ. ಅವ್ರು ತಾವಾಗೇ ಕಂಡ್ಕೋಬೇಕು."

"ಕಂಡ್ಕೊಂಡ್ಲು ಸರ್. ಕೆಲಸ ಹೋಗತ್ತೆ ಅಂತ ಕಂಡ್ಕೊಂಡ್ಲು."

"ನಾನು ಹಾಗೆ ಹೇಳ್ಲಿಲ್ಲವಲ್ಲ."

"ನೀವು ಏನೂ ಹೇಳ್ಲಿಲ್ಲ. ಅದಕ್ಕೇ ಅವಳು ತಾನೇ ಹೇಳ್ಕೊಂಡ್ಲು. ಹೋಗ್ಲಿ, ಆ ಪಾಠ ನೋಡಿದಾಗ ನಿಮಗೆ ಏನನ್ನಿಸ್ತು?"

ಅವರು ಬಾಯಿ ತೆರೆದರು. ಏನೋ ಬರುವುದರಲ್ಲಿತ್ತು. ಫೋಟೋದ ಕಡೆ ಒಮ್ಮೆ ನೋಡಿ, "ಅನ್ಸಿದ್ದನ್ನ ಹೇಳೋ ಹಾಗಿಲ್ಲ ಮೇಡಂ" ಅಂದರು. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಬದುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆ ತರಬೇತಿಯನ್ನೂ ಕೊಟ್ಟು, ಊಟವನ್ನೂ ಹಾಕುತ್ತಾರೆಂದು ಗೊತ್ತಿರಲಿಲ್ಲ.

ದಸರಾ ರಜೆ ಕಳೆದು ಮೀಟಿಂಗು ಬಂತು. ಹೆಡ್‌ಮೇಷ್ಟ್ರ ಕೋಣೆಯಲ್ಲೇ ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ಶಿಕ್ಷಕರ ಪರವಾಗಿ ನಾನು. ಶೌಚಾಲಯದ ಬಾಗಿಲು, ಸೋರುವ ಮಾಡು, ಶಾರದಾ ಪೂಜೆಯ ಪ್ರಸಾದದ ತಕರಾರು ಎಲ್ಲ ಮುಗಿದ ಮೇಲೆ ದೀಪಶ್ರೀಯನ್ನು ಕರೆಸಿದರು. ಕೂತುಕೊಳ್ಳಿ ಅಂದರೂ ಅವಳು ಬಾಗಿಲ ಬಳಿಯೇ ನಿಂತಳು.

"ಹೆಡ್‌ಮೇಷ್ಟ್ರೇ," ಅಂದರು ಮಂಜುನಾಥಪ್ಪ, "ನೀವು ಇವರ ಪಾಠ ಕೂತು ನೋಡಿದೀರಂತೆ. ಹ್ಯಾಂಗೆ? ಅಡ್ಡಿಲ್ವಾ?"

ಮುಕುಂದಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಟೀಚರು ಒಂದು ಪ್ರಶ್ನೆ ಕೇಳಿ ತುಂಬಾ ಹೊತ್ತು ಮಾತಾಡದೆ ನಿಂತಿದ್ದನ್ನ ಗಮನಿಸಿದೆ."

"ಪಾಠ ಮಾಡದೆ ಸುಮ್ನೆ ನಿಂತಿದ್ರು ಅಂತಾಯ್ತು," ಅಂದರು ಒಬ್ಬ ಸದಸ್ಯರು.

"ಹಾಗಲ್ಲ."

"ಮತ್ತೆ ಹ್ಯಾಂಗೆ? ಒಳ್ಳೇದಾ ಕೆಟ್ಟದ್ದಾ ಹೇಳಿ," ಅಂದರು ಮಂಜುನಾಥಪ್ಪ. "ಮೊದ್ಲೆಲ್ಲ ಅಡ್ಡಿಲ್ಲ ಅಂದ್ಬಿಡ್ತಿದ್ರಿ, ನಾವು ಸೈ ಹಾಕ್ತಿದ್ವಿ. ಈಗ ಎಂತ ಆತು ನಿಮ್ಗೆ?"

ದೀಪಶ್ರೀ ನೆಲ ನೋಡುತ್ತಿದ್ದಳು. ಮುಕುಂದಯ್ಯನವರು ಗೋಡೆಯ ಮೇಲಿನ ತರಬೇತಿಯ ಫೋಟೋ ನೋಡುತ್ತಿದ್ದರು. ನನ್ನ ತಾಳ್ಮೆ ಮೊದಲೇ ಕಮ್ಮಿ, ಅಲ್ಲಿಗೆ ಪೂರಾ ತೀರಿತು.

"ಸರ್, ಈಗ ನೀವು ಸುಮ್ನಿದ್ರೆ ಅದಕ್ಕಿಂತ ದೊಡ್ಡ ತೀರ್ಪು ಬೇರೆ ಇಲ್ಲ," ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು.

"ನಾನು ಮೂವತ್ತು ವರ್ಷ ಲೆಕ್ಕ ಕಲಿಸಿದೀನಿ," ಅಂದರು. "ನಾನು ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಹೇಳ್ಕೊಂಡು ಬಂದೋನು. ಮಕ್ಕಳಿಗೆ ಯೋಚ್ನೆ ಮಾಡೂಕೆ ಒಂದು ಗಳಿಗೆ ಬಿಟ್ಟೋನಲ್ಲ. ಈ ಹುಡುಗಿ ಬಿಟ್ಲು. ಹಿಂದೆ ನಾನು ಕೂತಿದ್ರೂ ಹೆದ್ರದೆ ಬಿಟ್ಲು. ಬಾಯೇ ಬಿಡದ ಮಗು ಎದ್ದು ನಿಂತು ಕಾರಣ ಹೇಳ್ತು. ಅಂಥಾ ಪಾಠ ನಾನು ಈ ಶಾಲೇಲಿ ನೋಡಿಲ್ಲ. ನಾನು ಮಾಡಿಯೂ ಇಲ್ಲ. ಇವರಷ್ಟು ಒಳ್ಳೆ ಟೀಚರು ನಮಗೆ ಸಿಗೂದಿಲ್ಲ ಅಧ್ಯಕ್ಷರೇ."

ನಾನು ಅವರ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಕೇಳಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ತೂಕಡಿಸುತ್ತಿದ್ದ ಸದಸ್ಯರೊಬ್ಬರು ಎಚ್ಚರಾಗಿ, ಯಾರೋ ತೀರಿಕೊಂಡರೆಂದು ತಿಳಿದು ಮೌನಾಚರಣೆಗೆ ಎದ್ದು ನಿಂತರು.

ಮಂಜುನಾಥಪ್ಪನವರು ಗಲ್ಲ ಕೆರೆದುಕೊಂಡರು. "ಅಲ್ಲ ಹೆಡ್‌ಮೇಷ್ಟ್ರೇ, ನೀವು ಹೇಳೂದು ಹಳೇ ಕತೆ. ಸುಮ್ನೆ ನಿಲ್ತಾರೆ, ಲೆಕ್ಕ ಮುಂದೆ ಹೋಗಲ್ಲ ಅಂತ ಪೋಷಕರು ದೂರು ಹೇಳಿದ್ದು ಅದನ್ನೇ. ಈಗ ಆ ಚಾಳಿ ಬಿಟ್ಟಿದಾರಂತಲ್ಲ. ನಮ್ಮಕ್ಕನ ಮೊಮ್ಮಗ ಎಂಟ್ನೇ ಕ್ಲಾಸಿಗೆ ಬರ್ತಾನೆ. ಕೈ ನೋವು ಬರೂ ಹಂಗೆ ಬರಸ್ತಾರಂತೆ, ಪೋರ್ಷನ್ನು ಹಾರ್ಕಂಡು ಹೋಗ್ತೈತಂತೆ. ನಮ್ಗೆ ಬೇಕಾಗಿದ್ದೂ ಅದೇ." ದೀಪಶ್ರೀಯ ಕಡೆ ತಿರುಗಿ ಮನಸಾರೆ ನಕ್ಕರು. "ತಿದ್ಕಂಡಿದೀರಿ. ಹಿಂಗೇ ಮಾಡ್ಕಂಡು ಹೋಗಿ. ಮಾರ್ಚ್‌ವರೆಗೆ ಮುಂದುವರಿಸಾಣ, ಆಮೇಲೆ ನೋಡಾಣ."

ಎಲ್ಲರೂ ಒಪ್ಪಿದರು. ಒಪ್ಪದಿರಲು ಯಾರಿಗೂ ಕಾರಣವಿರಲಿಲ್ಲ. ಮಂಡಕ್ಕಿ ಬಂತು, ಚಾ ಬಂತು. ಹೆಡ್‌ಮೇಷ್ಟ್ರಿಗೂ ಜಯ, ಅಧ್ಯಕ್ಷರಿಗೂ ಜಯ. ಕೆಲಸ ಉಳಿಯಿತಲ್ಲ, ಅದಕ್ಕಿಂತ ಇನ್ನೇನು ಬೇಕು ಎಂದು ನಾನೂ ನನಗೆ ಹೇಳಿಕೊಂಡೆ. ಮಂಡಕ್ಕಿಯ ತಟ್ಟೆಯನ್ನು ಮಾತ್ರ ಪಕ್ಕದವರಿಗೆ ದಾಟಿಸಿದೆ.

ಮುಕುಂದಯ್ಯನವರು ಚಾ ಬಿಟ್ಟು ದೀಪಶ್ರೀಯ ಹಿಂದೆಯೇ ಜಗಲಿಗೆ ಬಂದರು. ನಾನೂ ಬಂದೆ. ಇಂಥಲ್ಲಿ ಹಿಂದೆ ಉಳಿಯುವ ಅಭ್ಯಾಸ ನನಗಿಲ್ಲ.

"ಬಿಟ್ಬಿಟ್ರಾ ಅದನ್ನ?" ಎಂದು ಕೇಳಿದರು.

"ನೀವು ಹೇಳಿದ ಮರುದಿನವೇ ಬಿಟ್ಟೆ ಸರ್."

"ನಾನು ಬಿಡಿ ಅಂದಿರ್ಲಿಲ್ಲ."

"ಮಾಡಿ ಅಂತ್ಲೂ ಅಂದಿರ್ಲಿಲ್ಲ ಸರ್."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆದರೂ ಅವರು ಹಾಕಲು ನೋಡಿದರು. ಅಷ್ಟು ದೊಡ್ಡ ಮನುಷ್ಯ, ಮಗಳ ವಯಸ್ಸಿನ ಹುಡುಗಿಯ ಮುಂದೆ ಕೈ ಹಿಸುಕಿಕೊಳ್ಳುತ್ತಾ, "ನಂದು ತಪ್ಪಾಯ್ತು ದೀಪಶ್ರೀ. ಮೊದ್ಲಿನ ಹಾಗೇ ಮಾಡಿ. ಮಕ್ಕಳು ಹೇಳೋವರೆಗೂ ಕಾಯಿರಿ. ನಾನಿದೀನಿ" ಅಂದರು.

"ನೀವು ಮಾರ್ಚಿಗೆ ರಿಟೈರ್ ಆಗ್ತೀರಲ್ಲ ಸರ್."

ದೀಪಶ್ರೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಲಿಯ ಕಟ್ಟೆಯ ಮೇಲಿಟ್ಟಿದ್ದ ಪುಸ್ತಕ ಎತ್ತಿಕೊಂಡಳು. ಎಂಟನೇ ಕ್ಲಾಸಿನಲ್ಲಿ ಅವಳ ಪೀರಿಯಡ್ ಶುರುವಾಗಿತ್ತು. ಹೊರಟವಳು ತಿರುಗಿ ನಿಂತಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕೊಂಕಿನ ವಿಷಯದಲ್ಲಿ ನಾನು ಮೋಸ ಹೋಗುವವಳಲ್ಲ.

"ಕಾಯಂ ಆದ್ಮೇಲೆ ಕಾಯ್ತೀನಿ ಸರ್," ಅಂದಳು.